ಇಂದಿನ ಧಮ್ಮ ಚಿಂತನೆ: ಕತ್ತರಿಸಿದ ರೆಕ್ಕೆ, ಒಂದಡಿ ಪಂಜರ





ಈ ವಾರ ನಮ್ಮ ಬಳಗದಲ್ಲಿ ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತ ಓದುತ್ತಿದ್ದೇವೆ. ಭಗವಾನರು ಮಗ ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಟ್ಟು ಹೇಳಿದ ಪಾಠ ಇದು. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಯಾವುದೇ ಕೆಲಸವನ್ನು ಮಾಡುವ ಮುನ್ನ, ಮಾಡುತ್ತಿರುವಾಗ, ಮಾಡಿದ ಮೇಲೆ, ಮೂರು ಸಲವೂ ನೋಡಿಕೊಳ್ಳಬೇಕು: ಇದರಿಂದ ನನಗೆ ಕೇಡಾಗುತ್ತದೆಯೇ, ಬೇರೆಯವರಿಗೆ ಕೇಡಾಗುತ್ತದೆಯೇ, ಇಬ್ಬರಿಗೂ ಕೇಡಾಗುತ್ತದೆಯೇ? ಸಾಮ್ರಾಟ ಅಶೋಕನು ಭಬ್ರು ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಕೆಲವು ಬೋಧನೆಗಳನ್ನು ಹೆಸರಿಸಿದ್ದಾನೆ. ಅವುಗಳಲ್ಲಿ ರಾಹುಲನಿಗೆ ಮಾಡಿದ ಉಪದೇಶವೂ ಒಂದು.

ಇವತ್ತು ಸುತ್ತದ ಮುಂದಿನ ಭಾಗ ಬರೆಯಬೇಕಿತ್ತು. ಕಳೆದ ಭಾನುವಾರ ಧ್ಯಾನ ಮುಗಿದ ಮೇಲೆ ಬಂದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ, ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದರು: "ಅಣ್ಣ, ಮೊಮ್ಮಗಳಿಗೆ ಅಂತ ಅಳಿಯ ಎರಡು ಲವ್ ಬರ್ಡ್ಸ್ ತಂದವ್ರೆ. ಅಂಗಡಿಯವ್ನೇ ರೆಕ್ಕೆ ಕತ್ತರಿಸಿ ಕೊಟ್ಟವ್ನೆ, ಹಂಗಾದ್ರೆ ಬೇಗ ಸಾಧು ಆಗ್ತವೆ ಅಂತೆ. ಒಂದು ಹಕ್ಕಿ ಯಾವಾಗ್ಲೂ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡ್ತಾನೇ ಇರ್ತದೆ. ಇನ್ನೊಂದು ಕಂಬಿ ಕಚ್ಕೊಂಡು ಕೂತಿರ್ತದೆ. ಬುದ್ಧ ಪೂರ್ಣಿಮೆ ದಿನ ಬಿಟ್ಬಿಡಾನ ಅಂತಿದೀನಿ. ಪುಣ್ಯ ಬತ್ತದಾ?"

ಪುಣ್ಯದ ಮಾತು ಕೇಳಿದ ಕೂಡಲೇ ನಾಲ್ಕೈದು ಜನ ಸಾಧು ಸಾಧು ಎಂದರು. ನಾನು ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂಬುದನ್ನು ಹೇಳಬೇಕಾದರೆ ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಬೂವನಹಳ್ಳಿಯಲ್ಲಿ ಆಗ ತೆಂಗಿನ ಮರಗಳ ಪೊಟರೆಗಳಲ್ಲಿ ಗಿಣಿ ಮರಿ ಮಾಡುತ್ತಿದ್ದವು. ಜೋಳದ ಹೊಲಕ್ಕೆ ಹಿಂಡು ಹಿಂಡಾಗಿ ಬೀಳುತ್ತಿದ್ದವು. ಹುಡುಗರು ಮರ ಹತ್ತಿ ಮರಿ ತೆಗೆಯುವುದು ಸಾಮಾನ್ಯವಾಗಿತ್ತು. ನನಗೂ ಒಂದು ಮರಿ ಸಿಕ್ಕಿತು. ಅದಕ್ಕೆ ರಾಜ ಎಂದು ಹೆಸರಿಟ್ಟೆ. ಮೊದಲು ಮನೆಯೊಳಗೆಲ್ಲ ಹಾರಾಡುತ್ತಿತ್ತು. ಒಂದು ದಿನ ಮಾಡಿನ ಹೆಂಚಿನವರೆಗೆ ಹಾರಿ ಕುಳಿತು ಸಂಜೆಯವರೆಗೂ ಇಳಿಯಲಿಲ್ಲ. ಇಳಿದ ಮೇಲೆ ಅಪ್ಪ ಅದರ ರೆಕ್ಕೆ ಹಿಡಿದರು, ನಾನು ಅವ್ವನ ಕತ್ತರಿಯಿಂದ ಕತ್ತರಿಸಿದೆ. ಒಂದೇ ಕಡೆಯ ರೆಕ್ಕೆ. "ಒಂದು ಕಡೆ ಸಾಕು, ಓರೆಯಾಗಿ ಬೀಳ್ತದೆ" ಎಂದು ಯಾರೋ ಹೇಳಿಕೊಟ್ಟಿದ್ದರು. ಗಿಣಿಶಾಸ್ತ್ರದವರು ಜಾತ್ರೆಗೆ ತರುತ್ತಿದ್ದ ಗಿಣಿಗಳ ರೆಕ್ಕೆಯೂ ಹಾಗೆಯೇ ಇರುತ್ತಿದ್ದುದರಿಂದ ಅದು ನಮಗೆ ತಪ್ಪೆಂದು ತೋಚಿರಲಿಲ್ಲ.

ಆಮೇಲೆ ರಾಜ ಕಚ್ಚಲು ಶುರು ಮಾಡಿದ. ಅದಕ್ಕೂ ಮುಂಚೆ ಕೈ ಮೇಲೆ ಕುಳಿತು ಕಡಲೆಬೀಜ ತಿನ್ನುತ್ತಿದ್ದವನು. ಪೊಗರು ಬಂತು ಎಂದು ತಗಡಿನ ಚಿಕ್ಕ ಗೂಡಿಗೆ ಹಾಕಿದೆವು. ಅದರಲ್ಲಿ ಎರಡೂ ರೆಕ್ಕೆ ಬಿಚ್ಚಿದರೆ ಕಂಬಿಗೆ ತಾಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಿದ. "ಸೆಕೆಗೆ ಕಣೋ" ಎಂದರು ಅವ್ವ. ಒಂದು ಸಂಜೆ ಗೂಡು ತೊಳೆಯಲೆಂದು ಅವನನ್ನು ಜಗಲಿಯ ಮೇಲೆ ಬಿಟ್ಟಿದ್ದೆ. ಬೆಕ್ಕು ಬಂತು. ರಾಜ ಹಾರಲು ನೋಡಿದ, ಓರೆಯಾಗಿ ಬಿದ್ದ. ಮುಂದಿನದ್ದು ಬರೆಯುವುದಿಲ್ಲ.

ಈಗ ಪಾಠಕ್ಕೆ ಬರೋಣ. ಅಂದು ನನಗೆ ಗೊತ್ತಿಲ್ಲದೆ ಹೋದದ್ದನ್ನು ಇವತ್ತು ಯಾರಾದರೂ ತಿಳಿದುಕೊಳ್ಳಬಹುದು.

ಗಿಣಿ ಜಾತಿಯ ಹಕ್ಕಿಗಳ ಒಂದೊಂದು ರೆಕ್ಕೆಯ ಹೊರತುದಿಯಲ್ಲಿ ಹತ್ತು ದೊಡ್ಡ ಗರಿಗಳಿರುತ್ತವೆ. ಗಾಳಿಯನ್ನು ಹಿಂದಕ್ಕೆ ತಳ್ಳಿ ಹಕ್ಕಿಯನ್ನು ಮುಂದಕ್ಕೆ ಒಯ್ಯುವುದು ಇವೇ. ಒಳಭಾಗದ ಗರಿಗಳು ಮುಖ್ಯವಾಗಿ ಹಕ್ಕಿಯನ್ನು ಮೇಲೆತ್ತಿ ಹಿಡಿಯುತ್ತವೆ. ರೆಕ್ಕೆ ಕತ್ತರಿಸುವುದು ಎಂದರೆ ಸಾಮಾನ್ಯವಾಗಿ ಈ ಹೊರಗಿನ ಹತ್ತರಲ್ಲಿ ಕೆಲವನ್ನು ಅರ್ಧಕ್ಕೆ ಕತ್ತರಿಸುವುದು. ಬಲಿತ ಗರಿಯಲ್ಲಿ ನಮ್ಮ ಉಗುರಿನಂತೆ ಜೀವ ಇರುವುದಿಲ್ಲ, ಆದ್ದರಿಂದ ನೋವಾಗುವುದಿಲ್ಲ. ಅಂಗಡಿಯವರು ಹೇಳುವುದು ಇಷ್ಟೇ, ಇದು ನಿಜವೂ ಹೌದು. ಅವರು ಹೇಳದಿರುವುದು ಎರಡಿವೆ. ಒಂದು, ಹೊಸದಾಗಿ ಬೆಳೆಯುತ್ತಿರುವ ಗರಿಯಲ್ಲಿ ರಕ್ತ ಹರಿಯುತ್ತಿರುತ್ತದೆ, ಅದಕ್ಕೆ ಕತ್ತರಿ ತಾಗಿದರೆ ರಕ್ತ ಸುರಿಯುತ್ತದೆ. ಎರಡು, ಕತ್ತರಿಸಿದ ಗರಿ ಕೂದಲಿನಂತೆ ಮತ್ತೆ ಉದ್ದವಾಗುವುದಿಲ್ಲ. ಆ ಮೋಟು ತಾನಾಗಿ ಉದುರಿ ಅದರ ಜಾಗದಲ್ಲಿ ಹೊಸದು ಹುಟ್ಟಬೇಕು. ಅದಕ್ಕೆ ತಿಂಗಳುಗಳೇ ಬೇಕು, ಕೆಲವೊಮ್ಮೆ ವರ್ಷವೂ ಆಗುತ್ತದೆ. ಆಗ ಹೊಸ ಗರಿಗೆ ಅಕ್ಕಪಕ್ಕದಲ್ಲಿ ಕಾಪಾಡುವ ಉದ್ದ ಗರಿಗಳಿಲ್ಲದೆ ಅದು ಸುಲಭವಾಗಿ ಮುರಿಯುತ್ತದೆ.

ಒಂದೇ ಕಡೆ ಕತ್ತರಿಸುವುದು ಇನ್ನೂ ಕೆಟ್ಟದ್ದು. ಹಕ್ಕಿಗೆ ಸಮತೋಲ ತಪ್ಪುತ್ತದೆ. ಹೆದರಿ ನೆಗೆದಾಗ ಮೆಲ್ಲಗೆ ಇಳಿಯಲಾಗದೆ ಕಲ್ಲಿನಂತೆ ಬೀಳುತ್ತದೆ. ಮೈ ಭಾರವಿರುವ ಗಿಣಿಗಳಲ್ಲಿ ಹೀಗೆ ಬಿದ್ದು ಎದೆಮೂಳೆಯ ಮೇಲಿನ ಚರ್ಮ ಸೀಳುವುದನ್ನು ಪಶುವೈದ್ಯರು ಆಗಾಗ ನೋಡುತ್ತಾರೆ.

ಇನ್ನು ಸ್ವಭಾವ. ಹಕ್ಕಿಗೆ ಭಯವಾದರೆ ಅದರ ಮೊದಲ ಉತ್ತರ ಹಾರಿಹೋಗುವುದು. ಆ ದಾರಿ ಮುಚ್ಚಿದರೆ ಉಳಿಯುವುದು ಎರಡೇ: ಕಚ್ಚುವುದು ಅಥವಾ ಮರಗಟ್ಟಿ ಕುಳಿತುಬಿಡುವುದು. ಕಚ್ಚಿದರೆ ಪೊಗರು ಎನ್ನುತ್ತೇವೆ, ಮರಗಟ್ಟಿ ಕುಳಿತರೆ ಸಾಧುವಾಯಿತು ಎನ್ನುತ್ತೇವೆ. (ಭಾನುವಾರ ಸಾಧು ಸಾಧು ಎಂದಾಗ ನನಗೆ ಈ ಇನ್ನೊಂದು ಸಾಧು ನೆನಪಾಗಿ ಕಸಿವಿಸಿಯಾಯಿತು.) ಕೈ ಮೇಲೆ ಕುಳಿತಿರುವ ಹಕ್ಕಿ ನಂಬಿಕೆಯಿಂದ ಕುಳಿತಿದೆಯೋ, ಬೇರೆ ದಾರಿ ಇಲ್ಲದೆ ಕುಳಿತಿದೆಯೋ ಎಂದು ಹೇಗೆ ತಿಳಿಯುವುದು? ಹಾರಬಲ್ಲ ಹಕ್ಕಿ ಕೈಗೆ ಬಂದು ಕುಳಿತರೆ ಮಾತ್ರ ತಿಳಿಯುತ್ತದೆ. ರಾಜ ಮೊದಲು ಹಾಗೆ ಬರುತ್ತಿದ್ದ.

ಕತ್ತರಿಸುವವರಿಗೂ ಕಾರಣಗಳಿವೆ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ನಮ್ಮ ಮನೆಗಳಲ್ಲಿ ತಲೆಯ ಮೇಲೆ ಫ್ಯಾನ್ ತಿರುಗುತ್ತದೆ, ಒಲೆಯ ಮೇಲೆ ಎಣ್ಣೆ ಕಾಯುತ್ತಿರುತ್ತದೆ, ಬಾಗಿಲು ಸದಾ ತೆರೆದಿರುತ್ತದೆ. ಇವೆಲ್ಲ ನಿಜವಾದ ಅಪಾಯ. ಆದರೆ ಫ್ಯಾನ್ ಆರಿಸಬಹುದು, ಬಾಗಿಲು ಹಾಕಬಹುದು. ನಮಗೆ ಕತ್ತರಿ ಸುಲಭ, ಅಷ್ಟೆ. ಹಾರುವುದನ್ನು ಚೆನ್ನಾಗಿ ಕಲಿಯುವ ಮುಂಚೆಯೇ ಮರಿಯ ರೆಕ್ಕೆ ಕತ್ತರಿಸಬಾರದು ಎಂಬುದನ್ನು ಕತ್ತರಿಸುವುದನ್ನು ಒಪ್ಪುವ ವೈದ್ಯರೂ ಹೇಳುತ್ತಾರೆ. ಎಳವೆಯಲ್ಲಿ ಹಾರಲು, ಇಳಿಯಲು ಕಲಿಯದ ಹಕ್ಕಿ ಮುಂದೆ ಗರಿ ಬಂದರೂ ಅಂಜುಬುರುಕವಾಗಿ ಉಳಿಯಬಹುದು.

ಅಕ್ಕನ ಮನೆಯ ಹಕ್ಕಿಗಳನ್ನು ನೋಡಿ ಬಂದೆ. ನಮ್ಮ ಕಡೆ ಲವ್ ಬರ್ಡ್ಸ್ ಎಂದು ಮಾರುವುದು ಹೆಚ್ಚಾಗಿ ಬಜರಿಗಾರ್ ಎಂಬ ಹಕ್ಕಿ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಇದು ಆಸ್ಟ್ರೇಲಿಯಾದ ಒಣ ಬಯಲಿನದು. ಅಲ್ಲಿ ನೀರು, ಹುಲ್ಲಿನ ಬೀಜ ಹುಡುಕುತ್ತ ದೊಡ್ಡ ದೊಡ್ಡ ಹಿಂಡುಗಳಲ್ಲಿ ಅಲೆಯುವ ಜೀವ. ಇಲ್ಲಿ ಒಂದಡಿ ಉದ್ದ, ಒಂದಡಿ ಅಗಲದ ಪಂಜರದಲ್ಲಿ ನವಣೆ ತಿಂದುಕೊಂಡು ಕುಳಿತಿತ್ತು. ಎತ್ತರ ಮಾತ್ರ ಒಂದೂವರೆ ಅಡಿ. ಪಂಜರ ಮಾಡುವವರು ಎತ್ತರ ಕೊಟ್ಟು ಮೆರೆಯುತ್ತಾರೆ, ನೋಡಲು ಗೋಪುರದಂತೆ ಚೆನ್ನ. ಆದರೆ ಹಕ್ಕಿ ಹೆಲಿಕಾಪ್ಟರಿನಂತೆ ನೇರ ಮೇಲಕ್ಕೆ ಹಾರುವುದಿಲ್ಲ, ಅಡ್ಡಕ್ಕೆ ಹಾರುತ್ತದೆ. ಅದಕ್ಕೆ ಬೇಕಾದದ್ದು ಉದ್ದ. ದುಂಡನೆಯ ಪಂಜರ ಬೇಡ, ಹೆದರಿದಾಗ ಒತ್ತಿ ಕೂರಲು ಅದರಲ್ಲಿ ಮೂಲೆಯೇ ಇರುವುದಿಲ್ಲ.

ಆ ಕಡೆ ಈ ಕಡೆ ಓಡಾಟ, ಒಂದೇ ಕಂಬಿಯನ್ನು ಕಚ್ಚುವುದು, ತಲೆ ತೂಗುವುದು, ಗರಿ ಕಿತ್ತುಕೊಳ್ಳುವುದು, ಇವು ಹಕ್ಕಿಯ ಆಟವಲ್ಲ. ಮಾಡಬೇಕಾದ ಕೆಲಸ ಮಾಡಲಾಗದ ದೇಹ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಿರುತ್ತದೆ. ಇಟಲಿಯ ಸಂಶೋಧಕರು 2015ರಲ್ಲಿ ಇದೇ ಬಜರಿಗಾರ್‌ಗಳನ್ನು ಗಮನಿಸಿ, ಜಾಗದ ಕೊರತೆ ಮತ್ತು ಒಂಟಿತನ ಇಂಥ ನಡವಳಿಕೆಗೆ ಹೇಗೆ ಕಾರಣವಾಗುತ್ತವೆ ಎಂದು ಬರೆದಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ 2003ರ ಹೊತ್ತಿಗೆ ನಡೆದ ಕೆಲಸ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅಲ್ಲಿ ಎಳೆಯ ಅಮೆಜಾನ್ ಗಿಣಿಗಳಲ್ಲಿ ಕೆಲವಕ್ಕೆ ಬರೀ ಪಂಜರ, ಊಟ, ನೀರು ಕೊಟ್ಟರು. ಉಳಿದವಕ್ಕೆ ಆಹಾರವನ್ನು ಹುಡುಕಿ, ಬಿಚ್ಚಿ, ಕಚ್ಚಿ ತೆಗೆದು ತಿನ್ನುವಂತೆ ಇಟ್ಟರು, ಹತ್ತಲು ಕೊಂಬೆ, ಹಗ್ಗ ಕೊಟ್ಟರು. ಬರೀ ಪಂಜರದವು ಗರಿ ಕಿತ್ತುಕೊಂಡವು. ಅವಕ್ಕೂ ಆಮೇಲೆ ಈ ಸೌಕರ್ಯ ಕೊಟ್ಟಾಗ ಕೀಳುವುದು ಕಡಿಮೆಯಾಗಿ ಗರಿ ಮತ್ತೆ ತುಂಬಿತು. ಅಂದರೆ ಪಂಜರದ ಅಳತೆ ಅಡಿಯಲ್ಲಿ ಮಾತ್ರ ಮುಗಿಯುವುದಿಲ್ಲ. ಒಳಗೆ ದಿನವಿಡೀ ಮಾಡಲು ಏನಿದೆ ಎಂಬುದೂ ಅಳತೆಯೇ. ರಾಜನ ಎದೆಯ ಗರಿ ಸೆಕೆಗೆ ಉದುರಿದ್ದಲ್ಲ ಎಂದು ನನಗೆ ಗೊತ್ತಾದದ್ದು ಇದನ್ನು ಓದಿದ ಮೇಲೆ.

ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನವನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. 50 ಮೀಟರ್ ಎತ್ತರದ ಬಲೆಯೊಳಗೆ ಗಿಣಿಗಳು. ಒಂದೇ ಪಕ್ಷಿಧಾಮದಲ್ಲಿ ಅತಿ ಹೆಚ್ಚು ಜಾತಿಯ ಹಕ್ಕಿಗಳು, 468, ಎಂದು 2017ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿತು. ಅದೂ ಬಲೆಯೇ ತಾನೆ ಎಂದು ಒಬ್ಬರು ನನ್ನೊಡನೆ ವಾದಿಸಿದರು. ಹೌದು, ಬಲೆಯೇ. ಆದರೆ ಅಲ್ಲಿ ಒಂದು ಮಕಾವ್ ಈ ತುದಿಯಿಂದ ಆ ತುದಿಗೆ ರೆಕ್ಕೆ ಬಡಿದು ಹೋಗುವುದನ್ನು ನೋಡಿದ ಮೇಲೆ ತಗಡಿನ ಗೂಡು ನೆನೆಸಿಕೊಳ್ಳಲು ನನಗೆ ಆಗಲಿಲ್ಲ.

ಕಾನೂನಿನ ಮಾತು ಚುಟುಕಾಗಿ. ನಮ್ಮ ಊರಿನ ಹಸಿರು ಗಿಣಿ, ಮೈನಾ, ಮುನಿಯಾ ಮುಂತಾದ ಕಾಡುಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಯಾರ ಮನೆಯಲ್ಲಾದರೂ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು, ಮುಚ್ಚಿಡಬೇಡಿ. ಬಜರಿಗಾರ್‌ನಂಥ ಹೊರದೇಶದ ಹಕ್ಕಿಗೆ ಆ ನಿಷೇಧ ಇಲ್ಲ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಎಲ್ಲಕ್ಕೂ ಅನ್ವಯ: ಉದ್ದ, ಅಗಲ, ಎತ್ತರ ಸಾಲದೆ ಪ್ರಾಣಿಗೆ ಅಲುಗಾಡಲು ತಕ್ಕಷ್ಟು ಅವಕಾಶ ಇಲ್ಲದ ಪಂಜರದಲ್ಲಿಡುವುದು ಹಿಂಸೆ. ಬ್ರಿಟನ್ನಿನ 1981ರ ಕಾನೂನು ಇನ್ನೂ ಬಿಡಿಸಿ ಹೇಳುತ್ತದೆ, ಹಕ್ಕಿ ತನ್ನ ರೆಕ್ಕೆಯನ್ನು ಆರಾಮವಾಗಿ ಚಾಚಲಾಗದ ಪಂಜರ ಅಲ್ಲಿ ಅಪರಾಧ. ಅದು ತೀರಾ ಕನಿಷ್ಠ, ಚಾಚಿದರೆ ಹಾರಿದಂತಾಗಲಿಲ್ಲ. 2015ರಲ್ಲಿ ದೆಹಲಿ ಹೈಕೋರ್ಟ್ ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಮೂಲಭೂತ ಹಕ್ಕಿದೆ ಎಂದು ಅಭಿಪ್ರಾಯಪಟ್ಟಿತ್ತು.

ಆದರೆ ನಮ್ಮ ಬಳಗಕ್ಕೆ ಕಾನೂನಿಗಿಂತ ಹಳೆಯದೊಂದಿದೆ. ಅಶೋಕನ ಐದನೆಯ ಸ್ತಂಭ ಶಾಸನ ಕೊಲ್ಲಬಾರದ ಜೀವಿಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಮೊದಲ ಹೆಸರು ಗಿಣಿ, ಎರಡನೆಯದು ಮೈನಾ. ಅಷ್ಟೇ ಅಲ್ಲ, ಹುಂಜಗಳ ಬೀಜ ಒಡೆಯಬಾರದು, ಕೆಲವು ದಿನಗಳಲ್ಲಿ ಹೋರಿ, ಟಗರುಗಳ ಬೀಜ ಒಡೆಯಬಾರದು, ಕುದುರೆ ಎತ್ತುಗಳಿಗೆ ಬರೆ ಹಾಕಬಾರದು ಎಂದೂ ಹೇಳುತ್ತದೆ. ಪ್ರಾಣ ತೆಗೆಯದಿದ್ದರೆ ಸಾಕು ಎನ್ನುವ ಮಾತು ಅಲ್ಲಿಲ್ಲ, ನಮ್ಮ ಅನುಕೂಲಕ್ಕಾಗಿ ಇನ್ನೊಂದು ದೇಹವನ್ನು ತಿದ್ದುವುದರ ಮೇಲೂ ಆ ರಾಜನ ಕಣ್ಣಿತ್ತು. ಅದೇ ಶಾಸನದ ಕೊನೆಯ ಸಾಲು ಸೆರೆಯಾಳುಗಳ ಬಗ್ಗೆ: ಪಟ್ಟಾಭಿಷೇಕವಾದ 26 ವರ್ಷಗಳಲ್ಲಿ 25 ಸಲ ಬಿಡುಗಡೆ ಮಾಡಿಸಿದ್ದಾನೆ. ಹಕ್ಕಿಯಿಂದ ಶುರುವಾಗಿ ಸೆರೆಮನೆಯಲ್ಲಿ ಮುಗಿಯುವ ಶಾಸನ.

ಹಕ್ಕಿ ಮಾರುವುದರ ಬಗ್ಗೆ ಅಂಗುತ್ತರ ನಿಕಾಯ ನೇರವಾಗಿಯೇ ಹೇಳುತ್ತದೆ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರ ಒಂದು. ಮಾರುವವನಿಲ್ಲದೆ ಕೊಳ್ಳುವವನಿಲ್ಲ, ಕೊಳ್ಳುವವನಿಲ್ಲದೆ ಮಾರುವವನೂ ಇಲ್ಲ.

ಜಾತಕಗಳಲ್ಲಿ ವಟ್ಟಕ ಜಾತಕ ಎಂಬ ಹೆಸರಿನ ಕಥೆಗಳಿವೆ, ಬುರ್ಲಿ ಹಕ್ಕಿಯ ಕಥೆಗಳು. 35ನೆಯದರಲ್ಲಿ ಕಾಡಿಗೆ ಬೆಂಕಿ ಬಿದ್ದು ತಂದೆತಾಯಿ ಹಾರಿಹೋದ ಮೇಲೆ ಗೂಡಿನಲ್ಲಿ ಉಳಿದ ಮರಿ ತನ್ನ ಸ್ಥಿತಿಯನ್ನು ಯೋಚಿಸುತ್ತದೆ. ರೆಕ್ಕೆ ಇದೆ, ಹಾರಲಾಗದು. ಕಾಲಿದೆ, ನಡೆಯಲಾಗದು. ಆ ಸತ್ಯದ ಬಲದಿಂದ ಬೆಂಕಿ ಹಿಂದೆ ಸರಿಯುತ್ತದೆ. ಇದನ್ನು ನಾವು ಸತ್ಯಕ್ರಿಯೆಯ ಮಹಿಮೆ ಎಂದು ಹಾಡಿ ಹೊಗಳುತ್ತೇವೆ. ನನಗೆ ಮಾತ್ರ ಆ ಮರಿಯ ಮಾತು ಕೇಳಿದಾಗಲೆಲ್ಲ ಜಗಲಿ ನೆನಪಾಗುತ್ತದೆ. 118ನೆಯದರಲ್ಲಿ ಬೇಡ ಹಿಡಿದು ತಂದ ಹಕ್ಕಿ, ಇವನು ಕೊಟ್ಟದ್ದನ್ನು ತಿಂದು ಕೊಬ್ಬಿದರೆ ಮಾರುತ್ತಾನೆ ಎಂದು ತಿಳಿದು ಊಟವನ್ನೇ ಬಿಡುತ್ತದೆ. ಬಡಕಲಾದ ಹಕ್ಕಿಯನ್ನು ಯಾರೂ ಕೊಳ್ಳುವುದಿಲ್ಲ. ಇದಕ್ಕೆ ಏನಾಯಿತು ಎಂದು ಬೇಡ ಅಂಗೈ ಮೇಲೆ ತೆಗೆದು ನೋಡುವಾಗ ಹಾರಿಹೋಗುತ್ತದೆ. ಗಮನಿಸಿ, ಬೇಡ ಅದರ ರೆಕ್ಕೆ ಕತ್ತರಿಸಿರಲಿಲ್ಲ.

ಬಳಗದಲ್ಲಿ ಒಬ್ಬ ತಮ್ಮ ಕೇಳಿದ, "ಅಣ್ಣ, ಚೇತನವೇ ಕಮ್ಮ ಅಂತ ಭಗವಾನರೇ ಹೇಳಿದಾರಲ್ಲ. ನೀವು ನೋಯಿಸಬೇಕು ಅಂತ ಕತ್ತರಿಸಲಿಲ್ಲ. ಹಾಗಿದ್ದರೆ ನಿಮಗೆ ಕಮ್ಮ ಎಲ್ಲಿ?" ಅವನು ನನ್ನ ಸಮಾಧಾನಕ್ಕೆ ಹೇಳಿದ. ಬಹಳ ವರ್ಷ ನಾನೂ ಹಾಗೇ ಹೇಳಿಕೊಂಡಿದ್ದೆ. ಆದರೆ ಕನ್ನಡಿ ಹಿಡಿದು ನೋಡಿದರೆ ಚೇತನ ಇತ್ತು. ನೋಯಿಸುವ ಚೇತನ ಅಲ್ಲ, ಇದು ನನ್ನ ಬಳಿಯೇ ಇರಬೇಕು ಎಂಬ ಚೇತನ. ಅದರ ಹೆಸರು ಲೋಭ. ಅದನ್ನು ಪ್ರೀತಿ ಎಂದು ಕರೆದದ್ದು ಮೋಹ. ಸುತ್ತ ಹೇಳುವ ಮೂರು ವೇಳೆಯಲ್ಲಿ ಮೊದಲನೆಯದರಲ್ಲಿ ನಾನು ಹುಡುಗ, ಗೊತ್ತಿರಲಿಲ್ಲ, ಬಿಡಿ. ಎರಡನೆಯ ವೇಳೆ ದಿನವೂ ಕಣ್ಣೆದುರಿಗೇ ಇತ್ತು. ಕಚ್ಚುತ್ತಿದ್ದ, ಗರಿ ಕೀಳುತ್ತಿದ್ದ. ನೋಡಬಹುದಿತ್ತು, ನೋಡಲಿಲ್ಲ. ಮೂರನೆಯ ವೇಳೆಗೆ ಭಗವಾನರು ರಾಹುಲನಿಗೆ ಹೇಳಿದ್ದು, ಮಾಡಿದ ತಪ್ಪನ್ನು ಗುರುಗಳ ಎದುರು ಅಥವಾ ಸಬ್ರಹ್ಮಚಾರಿಗಳ ಎದುರು ತೆರೆದು ಹೇಳಿ ಮುಂದೆ ಸಂವರದಿಂದಿರು ಎಂದು. ಅದಕ್ಕೇ ಈ ಗುಂಪಿನಲ್ಲಿ ಬರೆಯುತ್ತಿದ್ದೇನೆ.

ಈಗ ಅಕ್ಕನ ಪ್ರಶ್ನೆ. ಬುದ್ಧ ಪೂರ್ಣಿಮೆ ದಿನ ಬಿಡುವುದು ಬೇಡ ಎಂದೆ. ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಗೆ ಇಲ್ಲಿ ಆಹಾರ ಹುಡುಕುವುದು ಗೊತ್ತಿಲ್ಲ, ಅದರ ಹಿಂಡೂ ಇಲ್ಲಿಲ್ಲ. ರೆಕ್ಕೆ ಬೇರೆ ಮೋಟು. ಕಾಗೆಗೋ ಬೆಕ್ಕಿಗೋ ತುತ್ತಾಗಲು ಒಂದು ಗಂಟೆ ಸಾಕು. ಪುಣ್ಯಕ್ಕೆಂದು ಹಕ್ಕಿ ಬಿಡುವ ವಾಡಿಕೆ ಇರುವ ದೇಶಗಳಲ್ಲಿ, ಬಿಡುವವರಿಗೆ ಮಾರಲೆಂದೇ ಕಾಡಿನಲ್ಲಿ ಹಕ್ಕಿ ಹಿಡಿಯುವ ವ್ಯಾಪಾರ ಹುಟ್ಟಿಕೊಂಡಿದೆ. ಬಲೆಗೆ ಬಿದ್ದ ಹಂದಿಯನ್ನು ಕರುಣೆಯಿಂದ ಬಿಡಿಸಿದ ಭಿಕ್ಷುವಿಗೆ ದೋಷವಿಲ್ಲ ಎಂದು ವಿನಯ ಪಿಟಕದಲ್ಲಿದೆ, ನಿಜ. ಆ ಹಂದಿಗೆ ಹೋಗಲು ಕಾಡಿತ್ತು, ಓಡಲು ಕಾಲಿತ್ತು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಗೂಡಾದ್ರೂ ದೊಡ್ಡದು ಮಾಡ್ಸಾನ" ಎಂದರು.

ಅವರ ತಮ್ಮನ ಮಗ ವೆಲ್ಡಿಂಗ್ ಕೆಲಸದವನು. ವಿಮಾನ ನಿಲ್ದಾಣದ ಕಾಮಗಾರಿ ನೋಡಿ ನೋಡಿ ಸಾಕಾಗಿದೆ, ನಮ್ಮೂರಲ್ಲಿ ಹಾರುವ ಮೊದಲ ಪ್ಯಾಸೆಂಜರ್ ಇವೇ ಆಗಲಿ ಎಂದು ನಗುತ್ತಲೇ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪಂಜರ ಮಾಡಿಕೊಟ್ಟ. ಹೊಸ ಜಾಲರಿಗೆ ಸತು ಬಳಿದಿರುತ್ತಾರೆ, ಹಕ್ಕಿ ಅದನ್ನು ಕೆರೆದು ನುಂಗಿದರೆ ವಿಷ. ಆದ್ದರಿಂದ ವಿನೆಗರ್ ಹಾಕಿ ಬ್ರಶ್‌ನಿಂದ ಉಜ್ಜಿ ತೊಳೆದು ಬಿಸಿಲಿಗಿಟ್ಟೆವು. ಕೂರಲು ಒಂದೇ ದಪ್ಪದ ನಯವಾದ ಕೋಲು ಬೇಡ, ಕಾಲು ನೋಯುತ್ತದೆ ಎಂದು ಸೀಬೆಯ ಕೊಂಬೆಗಳನ್ನು ಎರಡು ತುದಿಗೆ ಕಟ್ಟಿ ನಡುವೆ ಜಾಗ ಬಿಟ್ಟೆವು. ನವಣೆಯನ್ನು ಬಟ್ಟಲಲ್ಲಿ ಸುರಿಯುವ ಬದಲು ತೆನೆಯನ್ನೇ ನೇತು ಹಾಕಿದ್ದಾರೆ, ಬಿಡಿಸಿ ತಿನ್ನಲಿ ಎಂದು. ಗರಿ ಬರುವವರೆಗೆ ಕೊಂಬೆಗಳು ತಗ್ಗಿನಲ್ಲೇ ಇರಬೇಕು, ಬಿದ್ದರೂ ಪೆಟ್ಟಾಗಬಾರದು. ಹಾಲ್‌ನ ಫ್ಯಾನಿನ ಸ್ವಿಚ್ ಮೇಲೆ ಮೊಮ್ಮಗಳು ಕಾಗದ ಅಂಟಿಸಿದ್ದಾಳೆ.

ನಿನ್ನೆ ಸಂಜೆ ಹೋಗಿದ್ದೆ. ನೀಲಿ ಹಕ್ಕಿಯ ಬಲರೆಕ್ಕೆಯಲ್ಲಿ ಎರಡು ಹೊಸ ಗರಿ ಕಾಣುತ್ತಿವೆ, ಇನ್ನೂ ಪೊರೆಯಲ್ಲಿವೆ. ಓಡಾಟ ಪೂರಾ ನಿಂತಿಲ್ಲ, ಕಡಿಮೆಯಾಗಿದೆ. ಹಸಿರು ಹಕ್ಕಿ ಈಗಲೂ ಅದೇ ಮೂಲೆಯ ಕಂಬಿಯನ್ನೇ ಕಚ್ಚುತ್ತದೆ. ಮೂರಡಿ ಜಾಗ ಖಾಲಿ ಬಿದ್ದಿದ್ದರೂ ಹಳೆಯ ಒಂದಡಿಯೊಳಗೇ ಸುತ್ತುತ್ತದೆ.

ಇನ್ನೊಂದು ವಿಷಯ ಇತ್ಯರ್ಥವಾಗಿಲ್ಲ. ಜೋಡಿ ಹಕ್ಕಿ, ಮರಿ ಮಾಡಿದರೆ ಏನು ಮಾಡುವುದು? ಮಾರುವಂತಿಲ್ಲ, ಬಿಡುವಂತಿಲ್ಲ, ಕೊಟ್ಟರೆ ಮತ್ತೊಂದು ಒಂದಡಿ ಗೂಡಿಗೇ ಹೋಗಬಹುದು. ಬಜರಿಗಾರ್ ಪೊಟರೆಯಂಥ ಜಾಗ ಸಿಕ್ಕರೆ ಮೊಟ್ಟೆ ಇಡುತ್ತದೆ. ಅಂಗಡಿಯವನು ಕೊಟ್ಟಿದ್ದ ಪುಟ್ಟ ಮಡಕೆಯನ್ನು ನಾನೇ ಹೇಳಿ ತೆಗೆಸಿದೆ. ತೆಗೆದು ಕೆಳಗಿಡುವಾಗ ಆ ಮೊಮ್ಮಗಳು ಕೇಳಿದಳು, "ತಾತ, ಇದೂ ರೆಕ್ಕೆ ಕತ್ತರಿಸಿದ ಹಾಗೇ ಅಲ್ವಾ?"

ನನ್ನ ಬಳಿ ಉತ್ತರ ಇರಲಿಲ್ಲ. ಭಾನುವಾರ ಬೆಳಿಗ್ಗೆ ಧ್ಯಾನದ ನಂತರ ಇದನ್ನೇ ಚರ್ಚೆಗೆ ತೆಗೆದುಕೊಳ್ಳೋಣ. ಅವಳನ್ನೂ ಕರೆದುಕೊಂಡು ಬರಲು ಅಕ್ಕನಿಗೆ ಹೇಳಿದ್ದೇನೆ.

ಸಾಧು, ಸಾಧು, ಸಾಧು 🙏